ನಮ್ಮ ಕಿಟ್ಟೆಲ್‌ಗೂ ನಿಮ್ಮ ಆಫೀಸಿನ ಕಿಟ್ಟೆಲ್‌ಗೂ ನೆಂಟಸ್ತನ ಇದೆಯಾ?

ಪ್ರಶ್ನೆ: ನಾನು ಧಾರವಾಡದವಳು, ಎರಡು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದೇನೆ. ಹೋದ ತಿಂಗಳು ನಮ್ಮ ಟೀಮಿಗೆ ಹೊಸಬರೊಬ್ಬರು ಬಂದರು. ಅವರ ಅಡ್ಡಹೆಸರು ಕಿಟ್ಟೆಲ್! ಕಿಟೆಲ್ ಕಾಲೇಜಿನ ಮುಂದೆ ಓಡಾಡಿ ಬೆಳೆದವಳು ನಾನು, ಕೇಳದೆ ಇರೋದಕ್ಕೆ ಆಗಲಿಲ್ಲ. ಕನ್ನಡ ನಿಘಂಟು ಬರೆದ ನಮ್ಮ ಕಿಟ್ಟೆಲ್ಲರ ಬೆಂಗಳೂರಿನ ಪ್ರತಿಮೆಯ ಫೋಟೋ ತೋರಿಸಿದೆ. ಅವರು ನಕ್ಕು, 'ಕಿಟೆಲ್ ಅಂದರೆ ಡಾಕ್ಟರ್ ಹಾಕೋ ಕೋಟು, ಅಷ್ಟೇ' ಅಂದರು. ಮನೆಯ ವಾಟ್ಸಾಪ್ ಗುಂಪಿನಲ್ಲಿ ಹೇಳಿದರೆ ಅದು ಬೇರೆಯೇ ಕಥೆ ಆಯಿತು. ಒಬ್ಬ ಕಾಕಾ, ಟ್ಯೂಬಿಂಗನ್‌ನಲ್ಲಿ ನಾಜಿಗಳ ಜೊತೆ ಸೇರಿದ್ದ ಪ್ರೊಫೆಸರ್ ಕಿಟ್ಟೆಲ್ ನಮ್ಮ ಕಿಟ್ಟೆಲ್ಲರ ಮೊಮ್ಮಗ ಅಂತ ಹಾಕಿದರು. ಇನ್ನೊಬ್ಬರು, ಕಿಟೆಲ್ ಅನ್ನೋದು ಯಹೂದಿಗಳ ಬಿಳಿ ನಿಲುವಂಗಿ, ಹಾಗಾಗಿ ಅವರು ಮೂಲದಲ್ಲಿ ಯಹೂದಿಗಳು ಅಂದರು. ಎರಡೂ ನಿಜ ಆಗೋದು ಹೇಗೆ? ತಮ್ಮ ಎಂಎಸ್ಸಿ ಫಿಸಿಕ್ಸ್ ಮಾಡಿದವನು, ಅವನಿಗೆ ಕಿಟೆಲ್ ಅಂದರೆ ಬೇರೆ ಯಾರೋ. ಸಹೋದ್ಯೋಗಿಯ ಹುಟ್ಟುಹಬ್ಬಕ್ಕೆ ಕಿಟ್ಟೆಲ್ ಮನೆತನದ ಲಾಂಛನದ ಫ್ರೇಮ್ ಕೊಡೋಣ ಅಂತಿದ್ದೇನೆ, ಒಂದು ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಇಲ್ಲ ಡಿಎನ್‌ಎ ಟೆಸ್ಟ್ ಕಿಟ್ ಕೊಡಲಾ? ಅವರ ವಂಶದ ಬಗ್ಗೆ ನೇರವಾಗಿ ಕೇಳಿದರೆ ತಪ್ಪಾಗುತ್ತದಾ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ನಿಮ್ಮ ಮನೆಯ ಗುಂಪಿನಲ್ಲಿ ಹೇಳಿದ್ದು ಎರಡೂ ತಪ್ಪು. ಆದರೆ ಆ ತಪ್ಪು ಹುಟ್ಟಿದ್ದಕ್ಕೆ ಕಾರಣ ಇದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೆಯ ಜರ್ಮನ್ ಕೈಬರಹದ ದಾಖಲೆಗಳನ್ನು ಓದಿಕೊಡುವುದು ನನ್ನ ಕೆಲಸ. ಚರ್ಚ್ ರಿಜಿಸ್ಟರ್, ಮದುವೆ ಪತ್ರ, ಆಸ್ತಿ ಕಾಗದ, ಹೀಗೆ. ಬರುವವರಲ್ಲಿ ಅರ್ಧಕ್ಕರ್ಧ ಜನರ ಪ್ರಶ್ನೆ ನಿಮ್ಮದೇ: ಇಂಥ ಹೆಸರಿನ ದೊಡ್ಡ ಮನುಷ್ಯರು ನಮ್ಮವರೇನಾ? ನಿಮ್ಮದು ಸ್ವಲ್ಪ ಬೇರೆ. ನೀವು ನಿಮ್ಮ ಹಿರಿಯರನ್ನು ಹುಡುಕುತ್ತಿಲ್ಲ, ನಿಘಂಟಿನ ಅಜ್ಜನಿಗೆ ಮೊಮ್ಮಕ್ಕಳನ್ನು ಹುಡುಕಿಕೊಡಲು ಹೊರಟಿದ್ದೀರಿ!

ಕಿಟೆಲ್ ಅನ್ನೋದು ಬಟ್ಟೆಯ ಹೆಸರು. ಮಧ್ಯಕಾಲದ ಜರ್ಮನ್‌ನಲ್ಲಿ ಮೈಮೇಲೆ ಸಡಿಲವಾಗಿ ಇಳಿಬಿಡುವ ಹಗುರ ಮೇಲಂಗಿಗೆ ಈ ಪದ ಇತ್ತು. ಹೊಲದವರು, ಗಾಡಿ ಹೊಡೆಯುವವರು ಹಾಕುತ್ತಿದ್ದ ಒರಟು ಬಟ್ಟೆ. ಇವತ್ತಿಗೂ ಪದ ಸತ್ತಿಲ್ಲ. ಡಾಕ್ಟರ ಬಿಳಿ ಕೋಟು ಕಿಟೆಲ್, ಲ್ಯಾಬಿನಲ್ಲಿ ಹಾಕೋದು ಕಿಟೆಲ್. ಹಳ್ಳಿಯ ಅಜ್ಜಿಯರು ಮನೆಗೆಲಸಕ್ಕೆ ಉಡುಪಿನ ಮೇಲೆ ಹಾಕಿಕೊಳ್ಳುವ, ಮುಂದೆ ಗುಂಡಿ ಇರುವ, ತೋಳಿಲ್ಲದ ಹೂವಿನ ಚಿತ್ರದ ನೈಲಾನ್ ಅಂಗಿ ಇದೆಯಲ್ಲ, ಅದು ಕಿಟೆಲ್‌ಶುರ್ತ್ಸೆ. ನಿಮ್ಮ ಸ್ಟುಟ್‌ಗಾರ್ಟ್ ಕಡೆಯ ಶ್ವೇಬಿಶ್ ಮಾತಿನಲ್ಲಿ ಕಿಟೆಲ್ ಅಂದರೆ ಜಾಕೆಟ್ಟು. ಆಸ್ಟ್ರಿಯಾಕ್ಕೆ ಹೋದರೆ ಅದೇ ಪದ ಹೆಂಗಸರ ಲಂಗ ಆಗುತ್ತದೆ. ಈ ಪದ ಅರಬ್ಬಿಯ 'ಹತ್ತಿ' ಅನ್ನುವ ಪದದಿಂದ ಬಂದಿರಬಹುದು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ, ಎಲ್ಲರೂ ಒಪ್ಪಿಲ್ಲ. ಕನ್ನಡದ 'ಕಬ್ಬಿಣದ ಕಿಟ್ಟ'ಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಒಬ್ಬರು ಇದನ್ನೂ ಕೇಳಿದ್ದರು, ಅದಕ್ಕೆ ಹೇಳಿದೆ.

ಬಟ್ಟೆಯ ಹೆಸರು ಮನುಷ್ಯನಿಗೆ ಹೇಗೆ ಅಂಟಿತು? ಧಾರವಾಡದವರಿಗೆ ಇದನ್ನು ವಿವರಿಸಬೇಕಾ? ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಜವಳಿ, ಕಂಬಳಿ ಅಂತ ಅಡ್ಡಹೆಸರು ಇಟ್ಟುಕೊಂಡ ನಾಡು ನಿಮ್ಮದು. ಜರ್ಮನಿಯಲ್ಲೂ ಹಾಗೇ. 12ನೇ ಶತಮಾನದ ಹೊತ್ತಿಗೆ ಪೇಟೆಗಳು ಬೆಳೆದವು, ಒಂದೇ ಬೀದಿಯಲ್ಲಿ ಎಂಟು ಜನ ಹಾನ್ಸ್, ಆರು ಜನ ಪೀಟರ್ ಆದರು. ತೆರಿಗೆ ಬರೆಯುವ ಗುಮಾಸ್ತನಿಗೆ ತಲೆಕೆಟ್ಟಿತು. ಆಗ ಒಬ್ಬ ಹಾನ್ಸ್‌ಗೆ ಅಪ್ಪನ ಹೆಸರು ಸೇರಿಸಿದರು, ಇನ್ನೊಬ್ಬನಿಗೆ ಊರಿನ ಹೆಸರು, ಮತ್ತೊಬ್ಬನಿಗೆ ಕಸುಬಿನ ಹೆಸರು, ಮಗದೊಬ್ಬನಿಗೆ ಅವನ ಕೆಂಪು ಕೂದಲೋ ಗೂನು ಬೆನ್ನೋ ಹೆಸರಾಯಿತು. ಯಾವಾಗಲೂ ಅದೇ ಹಳೇ ನಿಲುವಂಗಿಯಲ್ಲಿ ತಿರುಗುತ್ತಿದ್ದ ಹಾನ್ಸ್ 'ಕಿಟೆಲ್ ಹಾನ್ಸ್' ಆದ. ಅಥವಾ ಆ ನಿಲುವಂಗಿ ಹೊಲಿದು ಮಾರುತ್ತಿದ್ದವನೂ ಆಗಿರಬಹುದು. ಎರಡಕ್ಕೂ ಒಂದೇ ಹೆಸರು. ಇವತ್ತು ಒಂದು ನಿರ್ದಿಷ್ಟ ಮನೆತನವನ್ನು ತೋರಿಸಿ, ಇವರ ಮೂಲ ಪುರುಷ ಹೊಲಿದವನೋ ತೊಟ್ಟವನೋ ಅಂತ ಹೇಳೋದಕ್ಕೆ ದಾಖಲೆ ಸಿಗೋದು ಅಪರೂಪ.

ಇಲ್ಲೇ ನಿಮ್ಮ ಪ್ರಶ್ನೆಯ ಗಂಟು ಇರೋದು. ನಿಲುವಂಗಿ ತೊಟ್ಟ ಹಾನ್ಸ್ ಒಬ್ಬನೇ ಇದ್ದನಾ? ಜರ್ಮನಿಯ ಪೂರ್ವಕ್ಕಿರುವ ಸ್ಯಾಕ್ಸನಿಯ ಒಂದು ಹಳ್ಳಿಯಲ್ಲಿ ಒಬ್ಬ, ಈಗ ಬಹುಪಾಲು ಪೋಲೆಂಡಿಗೆ ಸೇರಿದ ಸೈಲೀಷಿಯಾದಲ್ಲಿ ಇನ್ನೊಬ್ಬ, ಈಗಿನ ಜೆಕ್ ದೇಶದ ಬೊಹೇಮಿಯಾದ ಗುಡ್ಡದಲ್ಲಿ ಮತ್ತೊಬ್ಬ. ಒಬ್ಬರಿಗೊಬ್ಬರು ಮುಖ ನೋಡಿದವರಲ್ಲ. ಎಲ್ಲರ ಮಕ್ಕಳೂ ಕಿಟೆಲ್ ಆದರು. ಬಡಿಗೇರ ಅಂತ ಅಡ್ಡಹೆಸರಿದ್ದವರೆಲ್ಲ ಒಂದೇ ತೊಟ್ಟಿಲಲ್ಲಿ ಆಡಿದವರು ಅಂತ ನೀವು ಅಂದುಕೊಳ್ಳುತ್ತೀರಾ? ಇದೂ ಅಷ್ಟೇ.

ಈಗ ಕಾಕಾ ಅವರ ಮಾತಿಗೆ ಬರೋಣ. ಅವರನ್ನು ಪೂರ್ತಿ ಬೈಯುವ ಹಾಗಿಲ್ಲ. ಈ ಗೊಂದಲಕ್ಕೆ ಕಾಕತಾಳೀಯಗಳು ಒಂದರ ಮೇಲೊಂದು ಸೇರಿಕೊಂಡಿವೆ.

ನಮ್ಮ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ರೆಸ್ಟರ್‌ಹಾಫೆ ಅನ್ನುವ ಹಳ್ಳಿಯಲ್ಲಿ. ಅದು ಜರ್ಮನಿಯ ವಾಯವ್ಯ ಮೂಲೆ, ಪೂರ್ವ ಫ್ರೀಸ್‌ಲ್ಯಾಂಡ್, ಉತ್ತರ ಸಮುದ್ರದ ಪಕ್ಕದ ತಗ್ಗು ನೆಲ. ಅಪ್ಪ ಗಾಟ್‌ಫ್ರೀಡ್ ಕ್ರಿಶ್ಚಿಯನ್ ಕಿಟ್ಟೆಲ್, ಲೂಥರನ್ ಪಾದ್ರಿ. ಮಗ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯಲ್ಲಿ ತರಬೇತಿ ಮುಗಿಸಿ 1853ರಲ್ಲಿ ಈ ಕಡೆ ಬಂದರು. ಆಗ 21 ವರ್ಷ, ಮದುವೆಯಾಗಿರಲಿಲ್ಲ. ಮಂಗಳೂರು, ಮಡಿಕೇರಿ, ಧಾರವಾಡ ಅಂತ ಓಡಾಡಿ, ಹಳೆಯ ವ್ಯಾಕರಣ 'ಶಬ್ದಮಣಿದರ್ಪಣ', ನಾಗವರ್ಮನ ಛಂದಸ್ಸಿನ ಗ್ರಂಥ 'ಛಂದೋಂಬುಧಿ' ಸಂಪಾದಿಸಿ, ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ತಂದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಟ್ಯೂಬಿಂಗನ್‌ನಲ್ಲೇ ತೀರಿಕೊಂಡರು.

ಇನ್ನು ಆ ಪ್ರೊಫೆಸರ್, ಗೆರ್‌ಹಾರ್ಡ್ ಕಿಟ್ಟೆಲ್. ಹುಟ್ಟಿದ್ದು 1888ರಲ್ಲಿ, ಬ್ರೆಸ್ಲಾವ್ ನಗರದಲ್ಲಿ, ಈಗ ಅದು ಪೋಲೆಂಡಿನ ವ್ರೊಟ್ಸ್ವಾಫ್. 1926ರಿಂದ ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರದ ಪ್ರಾಧ್ಯಾಪಕ. ಅವನೂ ಒಂದು ದೊಡ್ಡ ನಿಘಂಟಿನ ಸಂಪಾದಕ! ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಮೇಲಿನ ಹಲವು ಸಂಪುಟಗಳ ಕೋಶ ಅದು. 1933ರಲ್ಲಿ ಮೊದಲ ಸಂಪುಟ ಹೊರಬಂತು. ಅದೇ ವರ್ಷ ಅವನು ನಾಜಿ ಪಕ್ಷಕ್ಕೂ ಸೇರಿದ, ಯಹೂದಿಗಳನ್ನು ಅತಿಥಿಗಳ ಹಾಗೆ ಬೇರೆಯಾಗಿ ಇಡಬೇಕು ಅಂತ ವಾದಿಸುವ ಭಾಷಣವನ್ನೂ ಮಾಡಿದ. 1945ರಲ್ಲಿ ಫ್ರೆಂಚರು ಹಿಡಿದು ಸೆರೆಗೆ ಹಾಕಿದರು, 1948ರಲ್ಲಿ ಸತ್ತ.

ನೋಡಿ, ಹೆಸರು ಒಂದೇ, ಊರು ಒಂದೇ, ಇಬ್ಬರೂ ಧರ್ಮದ ಕೆಲಸದವರು, ಇಬ್ಬರೂ ನಿಘಂಟಿನವರು. ವಾಟ್ಸಾಪ್‌ಗೆ ಇನ್ನೇನು ಬೇಕು?

ಆದರೆ ಇಸವಿ ಇಟ್ಟು ನೋಡಿ. ಗೆರ್‌ಹಾರ್ಡ್‌ನ ಅಪ್ಪ ಯಾರು ಅನ್ನೋದು ಗುಟ್ಟೇನಲ್ಲ. ರೂಡಾಲ್ಫ್ ಕಿಟ್ಟೆಲ್, ಹೀಬ್ರೂ ಬೈಬಲ್ಲಿನ ಪಾಠಾಂತರಗಳನ್ನೆಲ್ಲ ಕೂಡಿಸಿ 1906ರಲ್ಲಿ ಹೆಸರಾಂತ ಆವೃತ್ತಿ ತಂದ ವಿದ್ವಾಂಸ. ಆ ರೂಡಾಲ್ಫ್ ಹುಟ್ಟಿದ್ದು 1853ರ ಮಾರ್ಚ್‌ನಲ್ಲಿ, ಎನಿಂಗನ್‌ನಲ್ಲಿ. ಅದು ನಿಮ್ಮ ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ, ರಾಯ್ಟ್ಲಿಂಗನ್ ಪಕ್ಕದ ಊರು, ಭಾನುವಾರ ಹೋಗಿ ಬರಬಹುದು. ಅಂದರೆ ರೂಡಾಲ್ಫ್ ತೊಟ್ಟಿಲಲ್ಲಿದ್ದ ವರ್ಷವೇ ನಮ್ಮ ಕಿಟ್ಟೆಲ್ ಬ್ರಹ್ಮಚಾರಿಯಾಗಿ ಮಂಗಳೂರಿನ ಹಡಗು ಹತ್ತಿದ್ದು. ಅವರ ಮೊದಲ ಮದುವೆ ಆಗಿದ್ದೇ 1860ರಲ್ಲಿ. ಅಲ್ಲಿಗೆ ಮೊಮ್ಮಗನ ಕಥೆ ಮುಗಿಯಿತು. ಕಾಕಾ ಅವರಿಗೆ ಈ ಇಸವಿಗಳನ್ನು ಕಳಿಸಿ ಸಾಕು, ಜಗಳ ಬೇಡ.

ಯಹೂದಿ ಮಾತು ಇನ್ನೂ ಸ್ವಾರಸ್ಯದ್ದು, ಯಾಕೆಂದರೆ ಅದರ ಮೊದಲರ್ಧ ನಿಜ. ಪೂರ್ವ ಮತ್ತು ಮಧ್ಯ ಯೂರೋಪಿನ ಯಹೂದಿಗಳಲ್ಲಿ ಕಿಟೆಲ್ ಅನ್ನುವ ಬಿಳಿ ನಿಲುವಂಗಿ ಇದೆ. ಯೋಮ್ ಕಿಪ್ಪುರ್ ಅನ್ನುವ ಪ್ರಾಯಶ್ಚಿತ್ತದ ದಿನದ ಪ್ರಾರ್ಥನೆಗೆ ಹಾಕುತ್ತಾರೆ, ಪಾಸೋವರ್ ಹಬ್ಬದ ಊಟಕ್ಕೆ ಮನೆಯ ಯಜಮಾನ ಹಾಕುವ ರೂಢಿ ಇದೆ, ಕೆಲವರಲ್ಲಿ ಮದುಮಗ ಮಂಟಪದಲ್ಲಿ ಹಾಕುತ್ತಾನೆ, ಸತ್ತಾಗ ಅದನ್ನೇ ತೊಡಿಸಿ ಮಣ್ಣು ಮಾಡುವುದೂ ಉಂಟು. ಆದರೆ ಪದ ಜರ್ಮನ್‌ದು. ಅವರ ಯಿಡ್ಡಿಷ್ ಭಾಷೆಗೆ ಜರ್ಮನ್ ಬುಡದಿಂದಲೇ ಬಂದದ್ದು. ರೈತನ ಅಂಗಿಗೂ ಪ್ರಾರ್ಥನೆಯ ಅಂಗಿಗೂ ಒಂದೇ ಪದ. ಅಂಗಿಯಿಂದ ಜಾತಿ ಹೇಳೋದಕ್ಕೆ ಆಗಲ್ಲ. ಇನ್ನೊಂದು ವಿಷಯ: ಅಲ್ಲಿನ ಬಹುಪಾಲು ಯಹೂದಿ ಕುಟುಂಬಗಳಿಗೆ ಕಾಯಂ ಅಡ್ಡಹೆಸರು ಬಂದಿದ್ದು ಸರ್ಕಾರದ ಆಜ್ಞೆಯಿಂದ, ಆಸ್ಟ್ರಿಯಾ ಆಳ್ವಿಕೆಯಲ್ಲಿ 1787ರಲ್ಲಿ, ಪ್ರಷ್ಯಾದಲ್ಲಿ 1812ರಲ್ಲಿ. ಕ್ರೈಸ್ತ ಕಿಟೆಲ್‌ಗಳು ಅದಕ್ಕೂ ಎಷ್ಟೋ ಹಿಂದೆಯೇ ದಾಖಲೆಯಲ್ಲಿದ್ದಾರೆ. ಕಾಸ್ಪರ್ ಕಿಟೆಲ್ ಅನ್ನುವ ಸಂಗೀತಗಾರ ಸ್ಯಾಕ್ಸನಿಯ ಲೌವೆನ್‌ಸ್ಟೈನ್‌ನಲ್ಲಿ ಹುಟ್ಟಿದ್ದೇ 1603ರಲ್ಲಿ. ಅಂದಮಾತ್ರಕ್ಕೆ ಯಹೂದಿ ಕಿಟೆಲ್ ಒಬ್ಬರೂ ಇರಲಿಲ್ಲ ಅಂತಲೂ ಅಲ್ಲ. ಹೆಸರು ನೋಡಿ ಹೇಳಲು ಬರಲ್ಲ ಅಂತ ಅಷ್ಟೇ.

ಕಾಸ್ಪರ್ ಹೆಸರು ಬಂತಲ್ಲ, ಈ ಹೆಸರಿನವರ ಸಾಲು ಒಮ್ಮೆ ನೋಡೋದು ಒಳ್ಳೆಯದು. ನಿಮ್ಮ ತಮ್ಮನ ಕಿಟೆಲ್ ಕೂಡ ಇಲ್ಲೇ ಸಿಗುತ್ತಾರೆ. ಕಾಸ್ಪರ್ ಡ್ರೆಸ್‌ಡನ್ ಅರಮನೆಯಲ್ಲಿ ಹೈನ್ರಿಖ್ ಶ್ಯುಟ್ಸ್ ಎಂಬ ದೊಡ್ಡ ಸಂಗೀತಗಾರನ ಶಿಷ್ಯ, ಇಟಲಿಗೆ ಹೋಗಿ ಕಲಿತು ಬಂದು ಥಿಯೋರ್ಬೊ ಅನ್ನುವ ಉದ್ದ ಕತ್ತಿನ ತಂತಿವಾದ್ಯ ನುಡಿಸುತ್ತಿದ್ದ. ನೂರಿಪ್ಪತ್ತೊಂಬತ್ತು ವರ್ಷ ಕಳೆದು, 1732ರಲ್ಲಿ, ಎರ್ಫುರ್ಟ್‌ನಲ್ಲಿ ಯೋಹಾನ್ ಕ್ರಿಶ್ಚಿಯನ್ ಕಿಟೆಲ್ ಹುಟ್ಟಿದ. ಅವನು ಜರ್ಮನಿಯ ಮಹಾ ಸಂಗೀತಗಾರ ಸಾಕ್ಷಾತ್ ಬಾಖ್‌ನ ಕೊನೆಯ ಶಿಷ್ಯರಲ್ಲಿ ಒಬ್ಬ. ಅವನ ಬಗ್ಗೆ ಒಂದು ಕಥೆ ಹೇಳುತ್ತಾರೆ, ನನಗೆ ತುಂಬಾ ಇಷ್ಟ. ಕೋಣೆಯಲ್ಲಿ ಗುರುವಿನ ಚಿತ್ರ ನೇತುಹಾಕಿ ಅದಕ್ಕೊಂದು ಪರದೆ ಬಿಟ್ಟಿದ್ದನಂತೆ. ಶಿಷ್ಯ ಚೆನ್ನಾಗಿ ನುಡಿಸಿದ ದಿನ ಪರದೆ ಸರಿಸುತ್ತಿದ್ದ, ಬಾಖ್‌ನ ದರ್ಶನ. ಕೆಟ್ಟದಾಗಿ ನುಡಿಸಿದರೆ ಪರದೆ ಮುಚ್ಚಿಯೇ ಇರುತ್ತಿತ್ತು. ಬೈಯುವ ಕೆಲಸವೇ ಇಲ್ಲ!

ಬೊಹೇಮಿಯಾದ ಉತ್ತರದ ಗುಡ್ಡಗಳಲ್ಲಿ ಇನ್ನೊಬ್ಬ ಕಿಟೆಲ್ ಇದ್ದ, 18ನೇ ಶತಮಾನದ ವೈದ್ಯ. ಎಷ್ಟು ಹೆಸರಾಗಿದ್ದ ಅಂದರೆ ಸೈತಾನನ ಜೊತೆ ಕರಾರು ಮಾಡಿಕೊಂಡಿದ್ದಾನೆ ಅಂತ ಜನ ಕಥೆ ಕಟ್ಟಿದರು, ಆ ಸೀಮೆಯಲ್ಲಿ ಈಗಲೂ ಹೇಳುತ್ತಾರೆ. ಹೆಸರಿನ ಅರ್ಥ ಡಾಕ್ಟರ ಕೋಟು, ಮನುಷ್ಯನೂ ಡಾಕ್ಟರ್. ಆದರೆ ಬಿಳಿ ಕೋಟಿನ ರೂಢಿ ಬಂದಿದ್ದು ಆಮೇಲೆ, ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ.

ನಿಮ್ಮ ತಮ್ಮನ ಕಿಟೆಲ್ ಅಂದರೆ ಚಾರ್ಲ್ಸ್ ಕಿಟೆಲ್. 1916ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿ, ಬರ್ಕ್ಲಿಯಲ್ಲಿ ಪಾಠ ಮಾಡಿ, 102 ವರ್ಷ ಬದುಕಿ 2019ರಲ್ಲಿ ತೀರಿಕೊಂಡರು. ಘನವಸ್ತು ಭೌತಶಾಸ್ತ್ರದ ಅವರ ಪಠ್ಯ 1953ರಲ್ಲಿ ಮೊದಲು ಬಂತು. ಎಂಎಸ್ಸಿ ಫಿಸಿಕ್ಸ್‌ನವರಿಗೆ 'ಕಿಟೆಲ್ ತಂದಿದ್ದೀಯಾ' ಅಂದರೆ ಆ ಪುಸ್ತಕ, ಎಂಎ ಕನ್ನಡದವರಿಗೆ ಅದೇ ಮಾತು ಹೇಳಿದರೆ ನಿಘಂಟು. ಒಂದೇ ಹಾಸ್ಟೆಲ್ ರೂಮಿನಲ್ಲಿ ಇಬ್ಬರೂ ಇದ್ದರೆ ಕಷ್ಟ.

ಸೈಕಲ್ ರೇಸ್ ನೋಡುವವರಿಗೆ ಮಾರ್ಸೆಲ್ ಕಿಟೆಲ್ ಗೊತ್ತಿರುತ್ತದೆ. ತುರಿಂಗಿಯಾದ ಆರ್ನ್‌ಶ್ಟಾಟ್‌ನ ಹುಡುಗ, 1988ರಲ್ಲಿ ಹುಟ್ಟಿದವರು, ಟೂರ್ ಡಿ ಫ್ರಾನ್ಸ್‌ನಲ್ಲಿ 14 ಹಂತ ಗೆದ್ದವರು. ಯುದ್ಧ ವಿಮಾನದ ಇತಿಹಾಸ ಓದುವವರಿಗೆ ಒಟ್ಟೊ ಕಿಟೆಲ್ ಗೊತ್ತಿರುತ್ತದೆ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಯ ಲೆಕ್ಕದಲ್ಲಿ 267 ವಿಮಾನ ಬೀಳಿಸಿದವನು, 1945ರಲ್ಲಿ ತಾನೂ ಬಿದ್ದ.

ಹೆಸರು ಪೂರ್ತಿ ಒಂದೇ ಇದ್ದರೂ ಮೋಸ ಹೋಗಬಹುದು. ಬ್ರೂನೊ ಕಿಟೆಲ್ ಅಂತ ಬರ್ಲಿನ್‌ನಲ್ಲಿ ಒಬ್ಬ ಗಾಯಕವೃಂದದ ನಿರ್ದೇಶಕ ಇದ್ದ, 1870ರಲ್ಲಿ ಹುಟ್ಟಿದವನು, ಅವನ ಗಾಯಕವೃಂದದ ಧ್ವನಿಮುದ್ರಣ ಈಗಲೂ ಸಿಗುತ್ತದೆ. ಅದೇ ಹೆಸರಿನ ಇನ್ನೊಬ್ಬ, ತುಂಬಾ ಚಿಕ್ಕವನು, 1943ರಲ್ಲಿ ಲಿಥುವೇನಿಯಾದ ವಿಲ್ನಾ ನಗರದ ಯಹೂದಿ ಕೇರಿಯನ್ನು ನಿರ್ನಾಮ ಮಾಡಿದ ನಾಜಿ ಅಧಿಕಾರಿ. ಅಂತರ್ಜಾಲದಲ್ಲಿ ಹೆಸರು ಹಾಕಿ ಹುಡುಕಿ, ಮೊದಲು ಸಿಕ್ಕ ಫೋಟೋವನ್ನು ಯಾರದೋ ಮನೆತನಕ್ಕೆ ಅಂಟಿಸುವ ಮುಂಚೆ ಈ ಇಬ್ಬರನ್ನು ನೆನಪಿಸಿಕೊಳ್ಳಿ.

ಒಬ್ಬ ಕಿಟೆಲ್ ಅಂತೂ ಆ ಹೆಸರನ್ನೇ ಕಳಚಿಟ್ಟ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1945ರಲ್ಲಿ ಫ್ರೆಡರಿಕ್ ಆಗಸ್ಟ್ ಕಿಟೆಲ್ ಅನ್ನುವ ಮಗು ಹುಟ್ಟಿತು. ಅಪ್ಪ ಬೊಹೇಮಿಯಾ ಕಡೆಯಿಂದ ವಲಸೆ ಬಂದ ಜರ್ಮನ್ ಬೇಕರಿ ಕೆಲಸಗಾರ. ತಾಯಿ ಡೇಸಿ ವಿಲ್ಸನ್, ಕಪ್ಪು ಹೆಂಗಸು, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದವಳು. ಅಪ್ಪ ಮನೆಯಲ್ಲಿ ಇರುತ್ತಿದ್ದದ್ದೇ ಅಪರೂಪ. 1965ರಲ್ಲಿ ಅಪ್ಪ ಸತ್ತ ಮೇಲೆ ಮಗ ತಾಯಿಯ ಹೆಸರು ಹಿಡಿದ. ಅವನೇ ನಾಟಕಕಾರ ಆಗಸ್ಟ್ ವಿಲ್ಸನ್, ಎರಡು ಸಲ ಪುಲಿಟ್ಜರ್ ಪ್ರಶಸ್ತಿ ಪಡೆದವನು. ರಕ್ತದಲ್ಲಿ ಕಿಟೆಲ್ ಆದವನು ಹೆಸರಿನಲ್ಲಿ ಕಿಟೆಲ್ ಅಲ್ಲ. ಹೆಸರು ಹಿಡಿದು ವಂಶ ಹುಡುಕುವವರಿಗೆ ಇಂಥವರು ಸಿಗುವುದೇ ಇಲ್ಲ. ಹೆಣ್ಣುಮಕ್ಕಳ ಕಡೆಯ ಸಂತಾನವಂತೂ ಪೂರ್ತಿ ಕಾಣೆ. ನಮ್ಮ ಕಿಟ್ಟೆಲ್ಲರ ವಂಶದವರು ಇವತ್ತು ಮ್ಯುಲರ್ ಅಂತಲೋ ಇನ್ನೇನೋ ಅಂತಲೋ ಹೆಸರು ಹೊತ್ತು ನಿಮ್ಮ ಪಕ್ಕದ ಬೀದಿಯಲ್ಲೇ ಇರಬಹುದು, ನಿಮಗೆ ಗೊತ್ತೂ ಆಗಲ್ಲ.

ಸರಿ, ಈಗ ನಿಮ್ಮ ಉಡುಗೊರೆಯ ವಿಷಯ.

ಲಾಂಛನದ ಫ್ರೇಮ್ ದಯವಿಟ್ಟು ಬೇಡ. ಜರ್ಮನ್ ಪದ್ಧತಿಯಲ್ಲಿ ಲಾಂಛನ ಒಂದು ನಿರ್ದಿಷ್ಟ ಕುಟುಂಬಕ್ಕೆ ಸೇರಿದ್ದು, ಅಡ್ಡಹೆಸರಿಗೆ ಸೇರಿದ್ದಲ್ಲ. 'ಕಿಟ್ಟೆಲ್ ಲಾಂಛನ' ಅಂತ ಮಾರುತ್ತಾರಲ್ಲ, ಅದು ಯಾವುದೋ ಕಾಲದ ಯಾವುದೋ ಒಂದು ಕಿಟೆಲ್ ಮನೆಯದಾಗಿರಬಹುದು, ಇಲ್ಲ ಯಾರೋ ಕಂಪ್ಯೂಟರ್ ಮುಂದೆ ಕೂತು ಸಿಂಹ, ಖಡ್ಗ ಸೇರಿಸಿ ಮಾಡಿದ್ದೂ ಆಗಿರಬಹುದು. ಶುರುವಿನಲ್ಲಿ ನಾನೇ ದುಡ್ಡು ಕೊಟ್ಟು ಒಂದು ಹೆಸರಿನ ಲಾಂಛನ ತರಿಸಿದ್ದೆ. ಆರು ತಿಂಗಳು ಬಿಟ್ಟು ಅದೇ ಚಿತ್ರವನ್ನು, ಬಣ್ಣ ಮಾತ್ರ ಬದಲಾಯಿಸಿ, ಬೇರೆ ಹೆಸರಿನ ಕೆಳಗೆ ನೋಡಿದೆ. ಗೊತ್ತಿರುವ ಜರ್ಮನ್ನರು ನೋಡಿದರೆ ಒಳಗೇ ನಗುತ್ತಾರೆ.

ಡಿಎನ್‌ಎ ಕಿಟ್ ಇನ್ನೂ ಬೇಡ. ಅದು ಉಡುಗೊರೆ ಕೊಡುವ ವಸ್ತುವೇ ಅಲ್ಲ ಅಂತ ನನ್ನ ಅಭಿಪ್ರಾಯ. ಅಪ್ಪ ಅಂದುಕೊಂಡವರು ಅಪ್ಪ ಅಲ್ಲ, ಗೊತ್ತಿಲ್ಲದ ಅಣ್ಣನೊಬ್ಬ ಇದ್ದಾನೆ, ಇಂಥವು ಅದರಲ್ಲಿ ಹೊರಬೀಳುತ್ತವೆ. ಆಮೇಲೆ ವಾಪಸ್ ಮುಚ್ಚಿಡೋದಕ್ಕೆ ಆಗಲ್ಲ. ಅವರಾಗಿಯೇ ಮಾಡಿಸಿದರೆ ಅದು ಅವರ ಇಷ್ಟ. ಮಾಡಿಸಿದರೂ ನಿಮ್ಮ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಫರ್ಡಿನಾಂಡ್‌ರ ವಂಶದವರು ಯಾರಾದರೂ ಅದೇ ಕಂಪನಿಯಲ್ಲಿ ಟೆಸ್ಟ್ ಮಾಡಿಸಿರಬೇಕಲ್ಲ?

ಕೇಳಬಹುದಾ ಅಂದಿರಿ. ಕೇಳಬಹುದು, ಕೇಳುವ ರೀತಿ ಇದೆ. ನಮ್ಮಲ್ಲಿ ಬಸ್ಸಲ್ಲಿ ಪಕ್ಕ ಕೂತವರೂ 'ನಿಮ್ಮ ಕಡೆಯವರು ಯಾರು' ಅಂತ ಶುರುಮಾಡುತ್ತಾರೆ. ಅಲ್ಲಿ ವಂಶದ ಪ್ರಶ್ನೆಗೆ ಒಂದು ಕೆಟ್ಟ ನೆನಪು ಅಂಟಿಕೊಂಡಿದೆ. 1933ರ ನಂತರ ಸರ್ಕಾರಿ ಕೆಲಸ ಬೇಕೆಂದರೆ ಅಜ್ಜ ಅಜ್ಜಿಯವರೆಗೂ ಯಾರೂ ಯಹೂದಿಗಳಲ್ಲ ಅಂತ ಚರ್ಚಿನ ದಾಖಲೆ ತಂದು ತೋರಿಸಬೇಕಿತ್ತು. ಅದಕ್ಕೇ ಅಂತ ಒಂದು ಪುಟ್ಟ ಪುಸ್ತಕ, ಹೆಸರು ಆನೆನ್‌ಪಾಸ್. ಒಂದೊಂದು ಚೌಕದಲ್ಲಿ ಒಬ್ಬೊಬ್ಬ ಹಿರಿಯರು, ಅವರ ಹುಟ್ಟು, ಜ್ಞಾನಸ್ನಾನ, ಮದುವೆ, ಪ್ರತಿಯೊಂದಕ್ಕೂ ಪಾದ್ರಿಯ ಇಲ್ಲವೇ ಕಚೇರಿಯ ದುಂಡು ಮುದ್ರೆ. ಎಷ್ಟೋ ಮನೆಗಳ ಅಟ್ಟದಲ್ಲಿ ಇವತ್ತಿಗೂ ಇದೆ. ವಂಶ ಹುಡುಕುವ ನಮ್ಮಂಥವರಿಗೆ ಇಷ್ಟು ಅನುಕೂಲದ ದಾಖಲೆ ಬೇರೆ ಇಲ್ಲ, ಆದರೆ ಅದನ್ನು ಕೈಗೆ ಕೊಡುವಾಗ ಮನೆಯವರ ಮುಖ ಒಂದು ಥರಾ ಆಗುತ್ತದೆ. ಇನ್ನೊಂದು ನೋವೂ ಇದೆ. ಕಿಟೆಲ್ ಹೆಸರು ಜಾಸ್ತಿ ಇದ್ದ ಸೈಲೀಷಿಯಾ, ಉತ್ತರ ಬೊಹೇಮಿಯಾ ಕಡೆಯ ಜರ್ಮನ್ನರನ್ನು ಯುದ್ಧ ಮುಗಿದ ಮೇಲೆ ಮನೆಮಠ ಬಿಡಿಸಿ ಓಡಿಸಿದರು. ನಿಮ್ಮ ಸಹೋದ್ಯೋಗಿಯ ಅಜ್ಜಿ ಒಂದು ಪೆಟ್ಟಿಗೆ ಹಿಡಿದು ರೈಲು ಹತ್ತಿದವರೇ ಇರಬಹುದು.

ಹಾಗಾಗಿ 'ನಿಮ್ಮ ವಂಶ ಯಾವುದು' ಅನ್ನಬೇಡಿ, 'ನಿಮ್ಮ ಅಜ್ಜ ಅಜ್ಜಿ ಯಾವ ಊರಿನವರು' ಅಂತ ಕೇಳಿ. ಊಟದ ಬಿಡುವಿನಲ್ಲಿ, ಒಬ್ಬರೇ ಇದ್ದಾಗ. ಪೂರ್ವ ಫ್ರೀಸ್‌ಲ್ಯಾಂಡ್‌ನ ಹೆಸರು ಬಂದರೆ ಕಿವಿ ನೆಟ್ಟಗೆ ಮಾಡಿ, ಯಾಕೆಂದರೆ ಆ ಸೀಮೆಯಲ್ಲಿ ಕಿಟೆಲ್ ಅನ್ನೋದು ಅಲ್ಲಿಯವರೇ ಇಟ್ಟುಕೊಳ್ಳುವಂಥ ಹೆಸರಲ್ಲ. ಅಲ್ಲಿಯ ಹಳ್ಳಿಗರು ನಮ್ಮ ಇನಿಷಿಯಲ್ ಥರಾ ಅಪ್ಪನ ಹೆಸರನ್ನೇ ಹಿಂದೆ ಇಟ್ಟುಕೊಳ್ಳುತ್ತಿದ್ದರು, ತಲೆಮಾರಿಗೊಮ್ಮೆ ಅದು ಬದಲಾಗುತ್ತಿತ್ತು, ನೆಪೋಲಿಯನ್ 1811ರಲ್ಲಿ ಕಾಯಂ ಹೆಸರು ಇಟ್ಟುಕೊಳ್ಳಿ ಅಂತ ಆಜ್ಞೆ ಮಾಡುವವರೆಗೂ. ಅಂಥ ಕಡೆ ಕಿಟೆಲ್ ಅನ್ನುವ ಪಾದ್ರಿ ಮನೆ ಎದ್ದು ಕಾಣುತ್ತದೆ. ಬೇರೆ ಊರು ಹೇಳಿದರೆ ನೆಂಟಸ್ತನದ ಆಸೆ ಬಿಡಿ, ಹರಟೆ ಮುಂದುವರಿಸಿ.

ಅವರಿಗೇ ಆಸಕ್ತಿ ಹುಟ್ಟಿದರೆ ದಾರಿ ಇದೆ. ಇಡೀ ಜರ್ಮನಿಯಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾಗಿದ್ದು 1876ರಲ್ಲಿ, ಅದಕ್ಕೂ ಹಿಂದಿನದಕ್ಕೆ ಚರ್ಚ್ ರಿಜಿಸ್ಟರೇ ಗತಿ. ಸರ್ಕಾರಿ ಪುಸ್ತಕದಲ್ಲಿ ಜನನದ ದಾಖಲೆ 110 ವರ್ಷ, ಮದುವೆಯದು 80, ಸಾವಿನದು 30 ವರ್ಷ ತುಂಬುವ ತನಕ ಹೊರಗಿನವರಿಗೆ ಕೊಡಲ್ಲ, ಅಂದರೆ ನಿಮಗೆ ಸಿಗಲ್ಲ, ಅವರ ಹಿರಿಯರದು ಅವರಿಗೆ ಸಿಗುತ್ತದೆ. ಪ್ರೊಟೆಸ್ಟೆಂಟ್ ಚರ್ಚುಗಳ ರಿಜಿಸ್ಟರ್ ಆರ್ಖಿಯೋನ್ ಅನ್ನುವ ತಾಣದಲ್ಲಿದೆ, ದುಡ್ಡು ಕೊಡಬೇಕು. ಕ್ಯಾಥೊಲಿಕ್‌ರದು ಬಹಳಷ್ಟು ಮಾತ್ರಿಕುಲಾ ಅನ್ನುವ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಬೊಹೇಮಿಯಾದವರಾದರೆ ಅದೃಷ್ಟವಂತರು, ಜೆಕ್ ಸರ್ಕಾರಿ ಪತ್ರಾಗಾರಗಳು ಹಳೇ ರಿಜಿಸ್ಟರ್‌ಗಳನ್ನು ಸ್ಕ್ಯಾನ್ ಮಾಡಿ ಹಾಕಿವೆ. ಸೈಲೀಷಿಯಾದಾದರೆ ಎಷ್ಟೋ ಪುಸ್ತಕ ಯುದ್ಧದಲ್ಲಿ ಸುಟ್ಟಿವೆ, ಮೊದಲೇ ಹೇಳಿಬಿಡಿ. ಬರೀ ಹೆಸರಿನ ಅರ್ಥ, ಅದು ಯಾವ ಜಿಲ್ಲೆಯಲ್ಲಿ ಜಾಸ್ತಿ ಅಂತ ತಿಳಿಯೋದಕ್ಕೆ ಮೈನ್ಸ್ ನಗರದ ಅಕಾಡೆಮಿ ನಡೆಸುವ ಮನೆತನದ ಹೆಸರುಗಳ ಡಿಜಿಟಲ್ ಕೋಶ ಇದೆ, ಜರ್ಮನ್ ಓದಲು ಬಂದರೆ ಸಾಕು.

ಓದೋದು ಮಾತ್ರ ಸುಲಭ ಅಲ್ಲ. ಹಳೇ ಜರ್ಮನ್ ಕೈಬರಹದಲ್ಲಿ 'e' ಅಕ್ಷರ ನೋಡೋದಕ್ಕೆ 'n' ಥರಾ ಇರುತ್ತದೆ, ಹೊಸಬರು ಕಿಟೆಲ್ ಅನ್ನೋದನ್ನು ಕಿಟ್ನ್‌ಲ್ ಅಂತ ಓದಿ ಮುಂದೆ ಹೋಗಿಬಿಡುತ್ತಾರೆ. ಕಾಗುಣಿತವೂ ಪಾದ್ರಿಯ ಕಿವಿಗೆ ಬಿದ್ದ ಹಾಗೆ. ಮಗುವಿನ ಜ್ಞಾನಸ್ನಾನದಲ್ಲಿ ಕಿಟೆಲ್, ಅದೇ ಮನುಷ್ಯನ ಮದುವೆಯಲ್ಲಿ ಕ್ಯುಟೆಲ್. ಹೆಂಗಸರ ಹೆಸರಿಗೆ ಆಗ 'ಇನ್' ಸೇರಿಸುತ್ತಿದ್ದರು, ಹಾಗಾಗಿ ಕಿಟೆಲಿನ್ ಅಂತ ಕಂಡರೆ ಅದು ಬೇರೆ ಮನೆತನ ಅಲ್ಲ, ಕಿಟೆಲ್ ಮನೆಯ ಹೆಂಗಸು. ಒಂದು ವಾರ ನಾನೇ ಈ 'ಇನ್' ಹಿಡಿದುಕೊಂಡು ದಾರಿ ತಪ್ಪಿದ್ದೆ.

ಉಡುಗೊರೆ ಕೊಡಲೇಬೇಕು ಅಂತಿದ್ದರೆ ನಿಘಂಟಿನ ಮೊದಲ ಪುಟ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸಿ. ಮಂಗಳೂರು, 1894, ಕಿಟ್ಟೆಲ್ ಅಂತ ಅಚ್ಚಾಗಿರುವ ಪುಟ. ಹಕ್ಕಿನ ತೊಂದರೆ ಇಲ್ಲ, ಸ್ಕ್ಯಾನ್ ಪ್ರತಿ ಸುಲಭವಾಗಿ ಸಿಗುತ್ತದೆ. ನೆಂಟಸ್ತನ ಇರಲಿ ಬಿಡಲಿ, ತನ್ನ ಹೆಸರು ಅಷ್ಟು ದೂರದ ಊರಿನ ಅಚ್ಚುಮನೆಯಲ್ಲಿ ಮೂಡಿದ್ದು ನೋಡಿ ಯಾರಿಗೂ ಖುಷಿಯಾಗುತ್ತದೆ. ಕೆಳಗೆ ನಿಮ್ಮ ಕೈಯಲ್ಲೇ ಕನ್ನಡದಲ್ಲಿ 'ಕಿಟ್ಟೆಲ್' ಅಂತ ಬರೆಯಿರಿ, ಒತ್ತಕ್ಷರ ಹಾಕಿ. ಈ ಒತ್ತು ಯಾಕೆ ಅಂತ ಅವರು ಕೇಳಿದರೆ ಹೀಗೆ ಹೇಳಿ: ಜರ್ಮನ್‌ನಲ್ಲಿ ಎರಡು 'ಟ' ಬರೆಯೋದು ಅದರ ಹಿಂದಿನ ಸ್ವರ ಚಿಕ್ಕದು ಅಂತ ತೋರಿಸಲು ಮಾತ್ರ, ಬಾಯಲ್ಲಿ ಒಂದೇ 'ಟ' ಬರುತ್ತದೆ. ನಾವು ಕನ್ನಡದವರು ಬರೆದದ್ದನ್ನೆಲ್ಲ ಬಿಡದೆ ಓದುತ್ತೇವೆ. ಅದಕ್ಕೇ ನೀವು ಕಿಟೆಲ್, ನಮ್ಮವರು ಕಿಟ್ಟೆಲ್.